ಮೊದಲ ಹಿಡಿ

ಡಬ್ಬಿಯ ತಳದಿಂದ ಬಳಿದ ಕೊನೆಯ ಹಿಡಿ ಅಕ್ಕಿ ರೂತವ್ವನ ಮುಷ್ಟಿಯಲ್ಲಿತ್ತು. ಅಡಿಗೆಗೆ ಮುಂಚೆ ದಿನಾ ಒಂದು ಹಿಡಿ ಅಕ್ಕಿಯನ್ನು ಚರ್ಚಿಗೆಂದು ಮನೆಯಲ್ಲೇ ಇಟ್ಟ ಗಡಿಗೆಗೆ ಹಾಕುವುದು ಅಂಬೇವಾಡಿಯ ಸಭೆಯವರ ರೂಢಿ.

“ಇವತ್ತರ ಬಿಡು, ಗಂಜಿಗೆ ಆಕ್ಕೈತಿ,” ಎಂದ ಗಂಡ ಸಿಮೆಯೋನ. ಬಲಗೈ ಮುರಿದು ಅವನು ಕೆಲಸಕ್ಕೆ ಹೋಗದೆ ತಿಂಗಳಾಗಿತ್ತು.

“ಕೊಡಾಂವಗ ನಮ್ಮ ಮನಿ ಗೊತ್ತೈತ್ರಿ,” ಎಂದು ಅವಳು ಗಡಿಗೆಗೆ ಹಾಕಿಯೇಬಿಟ್ಟಳು. ಅವನು ಮುಖ ತಿರುಗಿಸಿ ಕೂತ.

ಮಧ್ಯಾಹ್ನ ಪಾಸ್ಟರಮ್ಮ ಪ್ರತಿ ತಿಂಗಳಿನಂತೆ ಮನೆಮನೆಯ ಅಕ್ಕಿ ಕೂಡಿಸುತ್ತ ಬಂದರು. ಇವರ ಗಡಿಗೆಯನ್ನೂ ಚೀಲಕ್ಕೆ ಸುರಿದುಕೊಂಡರು. ಆದರೆ ಚೀಲ ಎತ್ತಿಕೊಳ್ಳಲಿಲ್ಲ. “ಈ ತಿಂಗಳದ್ದು ನಿಮ್ಮ ಮನಿಗೇ ಅಂತ ಎಲ್ಲಾರೂ ಅಂದಾರ್ರಿ,” ಎಂದರು.

ಚೀಲದಲ್ಲಿ ಸಣ್ಣಕ್ಕಿ, ರೇಷನ್ ಅಕ್ಕಿ, ಜೊಯಿಡಾದ ಕೆಂಪಕ್ಕಿ ಎಲ್ಲ ಬೆರೆತಿತ್ತು. ರೂತವ್ವ ಕಣ್ಣೊರೆಸಿಕೊಂಡು ಪಾತ್ರೆ ತಂದಳು. ಅಷ್ಟರಲ್ಲಿ ಸಿಮೆಯೋನ ಎಡಗೈಯಿಂದ ಮೊದಲ ಹಿಡಿಯನ್ನು ತೆಗೆದು, ಖಾಲಿ ಗಡಿಗೆಗೆ ಹಾಕುತ್ತಿದ್ದ.