ಎಲೆಯೊಂದಕ್ಕೆ ಹನ್ನೆರಡು ಸಾವಿರ

ಸುರುಳಿ ಬಿಚ್ಚಿದ ಹೊಸ ಎಲೆಯಲ್ಲಿ ಒಂದೇ ಒಂದು ಬಿಳಿ ಗೆರೆ ಇರಲಿಲ್ಲ. ಅತ್ತಿಗೆ ಭೂತಗನ್ನಡಿ ಹಿಡಿದು ತೊಟ್ಟಿನಿಂದ ತುದಿಯವರೆಗೆ ನೋಡಿದಳು. ಪೂರ್ತಿ ಹಸಿರು.

"ಇನ್ಮೇಲೆ ಬರೋವೂ ಹೀಗೇನಾ?" ನಾದಿನಿ ಕೇಳಿದಳು.

"ಬಹುಶಃ. ಗಿಡವೂ ಬದುಕಬೇಕಲ್ಲ. ಹಸಿರು ಅಡುಗೆ ಮಾಡುತ್ತೆ, ಬಿಳಿ ಬರೀ ಕೂತು ಉಣ್ಣುತ್ತೆ."

ಬೆಲೆಯಿದ್ದದ್ದು ಆ ಕೂತು ಉಣ್ಣುವ ಬಿಳಿಗೇ. ಈಗ ಎಲೆಗೆ ಹನ್ನೆರಡು ಸಾವಿರ. ಹತ್ತು ಸಾವಿರವಿದ್ದಾಗ ಈ ಐದೆಲೆಯ ಗಿಡ ಕೊಳ್ಳಲು ನಾದಿನಿ ತನ್ನ ಸ್ಕೂಟರ್ ಮಾರಿದ್ದಳು; ಮಾರಿಸಿದವಳು ಅತ್ತಿಗೆ. ಗಿಡ ಬೆಳೆಸುವವರ ಫೋನ್ ಗುಂಪಿನಲ್ಲಿ ಎಲ್ಲರೂ ದಿನವೂ 'ಇನ್ನೂ ಏರುತ್ತೆ, ಯಾರೂ ಮಾರಬೇಡಿ' ಎಂದು ಬರೆಯುತ್ತಿದ್ದರು. ಇವರಿಬ್ಬರೂ ಬರೆಯುತ್ತಿದ್ದರು. ತಿಂಗಳಿಂದ ಯಾರೂ ಕೊಂಡಿರಲಿಲ್ಲ.

ಕರೆಗಂಟೆ ಸದ್ದು ಮಾಡಿತು. ಗುಂಪಿನ ಹಿರಿಯರು, ಕನ್ನಡಕದಂಗಡಿಯ ಯಜಮಾನರು. "ನಿಮ್ಮ ಗಿಡ ಕೊಳ್ಳೋಣ ಅಂತ ಬಂದೆ. ಎಲೆಗೆ ಹನ್ನೆರಡರ ಲೆಕ್ಕವೇ."

ನಾದಿನಿ ಕಣ್ಸನ್ನೆ ಮಾಡಿದಳು. ಅತ್ತಿಗೆ ಕಾಣದವಳಂತೆ ಕುಂಡವನ್ನು ಅವರ ಕಡೆಗೆ ತಿರುಗಿಸಿದಳು. "ಮೊದಲು ಇದನ್ನ ನೋಡಿ ಸಾರ್. ಹಸಿರಾಗ್ತಿದೆ."

ಅವರು ಬಗ್ಗಿ ನೋಡಿ ನಕ್ಕರು. "ನನ್ನ ಹತ್ರ ಮೂವತ್ತು ಕುಂಡ ಇದೆಯಮ್ಮಾ. ಒಂಬತ್ತು ಆಗಲೇ ಹಸಿರು."

"ಮತ್ತೆ ಇದನ್ಯಾಕೆ ಕೊಳ್ತೀರಿ?"

"ಒಂದು ವ್ಯಾಪಾರ ಆಯ್ತು ಅಂತ ಗುಂಪಿಗೆ ಗೊತ್ತಾಗ್ಬೇಕು. ಇಲ್ಲಾಂದ್ರೆ ಯಾರೋ ಒಬ್ಬರು ಹೆದರಿ ಆರಕ್ಕೆ ಮಾರ್ತಾರೆ, ನನ್ನ ಮೂವತ್ತೂ ಮಣ್ಣುಪಾಲು. ಗಿಡ ನನ್ನದಾದ್ರೂ ಇಲ್ಲೇ ಇರ್ಲಿ, ನಮ್ಮನೇಲಿ ಕಾಲಿಡೋಕೆ ಜಾಗ ಇಲ್ಲ. ನನಗೆ ಸುದ್ದಿ ಸಾಕು."

ಹಸಿರೆಲೆ ಬಿಟ್ಟು ಉಳಿದ ಐದಕ್ಕೆ ಅರವತ್ತು ಸಾವಿರವನ್ನು ಅಲ್ಲೇ ನಿಂತು ಫೋನಿನಿಂದ ಕಳಿಸಿದರು. ಹಸಿರೆಲೆ ಬೀಳದಂತೆ ಕೋನ ಹುಡುಕಿ ಒಂದು ಫೋಟೊ ತೆಗೆದುಕೊಂಡು ಹೊರಟರು.

ಬಾಗಿಲು ಹಾಕಿದವರೇ ಇಬ್ಬರೂ ನೆಲದ ಮೇಲೆ ಕುಸಿದು ಕೂತರು. ಅತ್ತಿಗೆಯ ಕಣ್ಣು ಒದ್ದೆಯಾಗಿತ್ತು. "ನಿನ್ನ ಸ್ಕೂಟರ್ ನನ್ನ ಎದೆ ಮೇಲೇ ನಿಂತಿತ್ತು ಕಣೇ. ಬೆಲೆ ಏರುತ್ತೆ ಅಂತ ಎರಡು ತಿಂಗಳಿಂದ ನನಗೆ ನಂಬಿಕೇನೇ ಇರ್ಲಿಲ್ಲ."

"ನನಗೆಲ್ಲಿತ್ತು? ನೀವು ನಂಬಿದೀರಲ್ಲ, ಬೇಜಾರು ಮಾಡ್ಕೋತೀರ ಅಂತ ಬಾಯಿ ಮುಚ್ಕೊಂಡಿದ್ದೆ."

ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ನಾದಿನಿ ಫೋನ್ ತೆರೆದಳು. ಫೋಟೊದ ಕೆಳಗೆ ಅಭಿನಂದನೆಗಳ ಸಾಲು. ಕೊನೆಯಲ್ಲಿ, ಗುಂಪಿಗೆ ಹೊಸದಾಗಿ ಸೇರಿದವರೊಬ್ಬರು: 'ಎಲೆಗೆ ಹದಿನೈದು ಕೊಡ್ತೀನಿ. ಯಾರ ಹತ್ರ ಇದೆ?'

ಅವಳ ನಗು ನಿಂತಿತು.

"ಅತ್ತಿಗೆ, ಇನ್ನೊಂದು ಗಂಟೆ ಕಾಯಬಹುದಿತ್ತು, ಅಲ್ವಾ?"