ತೊಲೆ ಬಾಗುವ ಲೆಕ್ಕ

ಉತ್ತರ ಹೇಳಿಕೊಟ್ಟವರ ತಲೆಯಿಂದ ಆ ವಿದ್ಯೆ ಅಳಿಸಿಹೋಗಿ, ಪ್ರಶ್ನೆ ಕೇಳಿದವರ ತಲೆ ಸೇರುತ್ತಿದ್ದ ಕಾಲವದು. ಹಾಗಾಗಿ ಹುಬ್ಬಳ್ಳಿಯ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಯಾರೂ ಯಾರಿಗೂ ಏನನ್ನೂ ಹೇಳಿಕೊಡುತ್ತಿರಲಿಲ್ಲ. ಸುನಂದಾ ಮಾತ್ರ ಒಮ್ಮೆ ಹೇಳಿಕೊಟ್ಟು ಕೆಟ್ಟಿದ್ದಳು. ಪರೀಕ್ಷೆಯ ಹಿಂದಿನ ದಿನ ಸಹಪಾಠಿ ಶ್ರೀಶೈಲ ಕಣ್ಣೀರು ಹಾಕಿ, ತೊಲೆ ಬಾಗುವ ಲೆಕ್ಕ ಕೇಳಿದ್ದ. "ಪರೀಕ್ಷಾ ಮುಗದ ಮ್ಯಾಲೆ ನಿನಗ ವಾಪಸ್ ಹೇಳ್ತೀನಿ" ಎಂದು ಮಾತನ್ನೂ ಕೊಟ್ಟಿದ್ದ. ಅವನು ಮೊದಲಿಗನಾಗಿ ಪಾಸಾದ, ಅವಳು ನಪಾಸಾದಳು. ಆಮೇಲೆ ಅವನು ಅವಳತ್ತ ತಿರುಗಿಯೂ ನೋಡಲಿಲ್ಲ.

ಸುನಂದಾ ಒಂದು ವರ್ಷ ಕಾದಳು. ಅದೇ ವಿಷಯದಲ್ಲಿ ಅವನ ಕೊನೆಯ ಮೌಖಿಕ ಪರೀಕ್ಷೆಯಿದ್ದ ಬೆಳಿಗ್ಗೆ, ಕ್ಯಾಂಟೀನಿನಲ್ಲಿ ಅವನ ಗೆಳೆಯರೆದುರೇ ಜೋರಾಗಿ ನಕ್ಕಳು.

"ತೊಲಿ ಲೆಕ್ಕ ಇವಂಗೆಲ್ಲಿ ಬರ್ತದ? ಬರ್ತಿದ್ರ ಹೇಳು ನೋಡೋಣು, ಅದು ಹೆಂಗ ಬಾಗ್ತದ?"

ಗೆಳೆಯರು ಕಿಸಕ್ಕೆಂದರು. ಶ್ರೀಶೈಲನಿಗೆ ರೋಷ ನೆತ್ತಿಗೇರಿತು. ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು, ಕೊನೆಯ ಸಾಲಿನವರೆಗೂ ಬಿಡಿಸಿ ಹೇಳಿದ. ಮುಗಿದ ಮೇಲೆ ತಾನೇ ಬರೆದದ್ದನ್ನು ಪಿಳಿಪಿಳಿ ನೋಡಿದ.

ಜವಾನ ಬಾಗಿಲಲ್ಲಿ ನಿಂತು ಅವನ ಹೆಸರು ಕೂಗಿದ.

"ಸುನಂದಾ, ನಿನ್ನ ಕಾಲಿಗೆ ಬೀಳ್ತೀನಿ, ಇದು ಹೆಂಗ ಅಂತ ಹೇಳ!"

ಉತ್ತರ ಅವಳ ನಾಲಿಗೆಯ ತುದಿಗೇ ಬಂತು. ಅವಳು ಬಾಯಿ ತುಂಬ ಚಹಾ ತುಂಬಿಕೊಂಡಳು.