ಪುದೀನ ವಾಸನೆಯ ಕಾಲು

ಗಂಡನ ಕಾಲುಚೀಲವನ್ನು ಒಗೆಯುವ ಯಂತ್ರಕ್ಕೆ ಹಾಕುವ ಮೊದಲು ಹತ್ಸುಯೊ ಅದನ್ನು ಮೂಗಿನ ಹತ್ತಿರ ತಂದಳು. ಟ್ಯಾಕ್ಸಿ ಓಡಿಸುವವನ ಕಾಲುಚೀಲವನ್ನು ಯಾವ ಹೆಂಡತಿಯೂ ಬೇಕೆಂದು ಮೂಸುವುದಿಲ್ಲ, ಅದರಲ್ಲೂ ಕುಮಾಮೊಟೊ ಊರಿನ ಜುಲೈ ಸೆಕೆಯಲ್ಲಿ. ಇದು ಮಾತ್ರ ಪುದೀನದ ಹಾಗೆ ಘಮ್ಮೆನ್ನುತ್ತಿತ್ತು.

ಸ್ನಾನದ ಮನೆಗೆ ಹೋಗಿ ಅವನ ಕ್ಷೌರದ ಸಾಮಾನಿನ ಹಿಂದೆ ತಡಕಾಡಿದಳು. ಪಾದಕ್ಕೆ ಹಚ್ಚುವ ಕ್ರೀಮು, ಸ್ಪ್ರೇ, ಬೆರಳ ಸಂದಿಗೆ ಹಾಕುವ ಪುಡಿ, ಅಂಗಾಲಿಗೆ ಅಂಟಿಸುವ ತಂಪಿನ ಹಾಳೆಗಳ ಪೊಟ್ಟಣ. ಕ್ರೀಮಿನ ಮೇಲೆ ‘ತಂಪು’ ಎಂದಿತ್ತು, ಸ್ಪ್ರೇ ಮೇಲೆ ‘ಎರಡು ಪಟ್ಟು ತಂಪು’, ಹಾಳೆಗಳ ಮೇಲೆ ‘ಮಂಜಿನಷ್ಟು ತಂಪು’. ಎಲ್ಲವೂ ಈ ಬೇಸಿಗೆಯಲ್ಲಿ ಬಂದವು, ಒಂದೂ ಪೂರ್ತಿ ಖಾಲಿಯಾಗಿರಲಿಲ್ಲ. ಕಾಲು ತೊಳೆಯುವುದಕ್ಕೇ ಸೋಮಾರಿಯಾದ ಗಂಡ ಕಿಯೊಹಾರುವಿಗೆ ಅರವತ್ತು ದಾಟಿದ ಮೇಲೆ ಈ ಶೋಕಿ ಎಲ್ಲಿಂದ ಬಂತು?

ಪಕ್ಕದ ಮನೆಯ ತೊಮಿಕೊಗೆ ಹೇಳಬಾರದಿತ್ತು, ಬಾಯಿ ತಡೆಯಲಿಲ್ಲ. ತೊಮಿಕೊ ತಣ್ಣನೆಯ ಬಾರ್ಲಿ ಚಹಾ ಹೀರುತ್ತಾ, ದಿನವಿಡೀ ಶೂ ಒಳಗೇ ಇರುವ ಕಾಲನ್ನು ಯಾರು ನೋಡುತ್ತಾರೆಂದು ಇಷ್ಟು ಸಿಂಗಾರ ಎಂದು ಕೇಳಿದಳು.

“ಶೂ ಬಿಚ್ಚೋದು ಎಲ್ಲಿ ಹೇಳು? ಯಾರದಾದ್ರೂ ಮನೆ ಬಾಗ್ಲಲ್ಲಿ ತಾನೆ? ನಿನ್ನ ಬಾಗ್ಲಲ್ಲಿ ಮೂವತ್ತು ವರ್ಷದಿಂದ ಬಿಚ್ತಾ ಇದಾರೆ. ಆಗೆಲ್ಲ ಬೇಕಿರಲಿಲ್ವಲ್ಲ ಈ ಪುದೀನ.”

ಆ ಮಾತು ಹತ್ಸುಯೊಳ ತಲೆಯಲ್ಲಿ ಹುಳದಂತೆ ಕೊರೆಯಿತು. ಯಾವುದೋ ಮನೆಯ ಬಾಗಿಲು, ಅಲ್ಲಿ ಗಂಡನ ಕಪ್ಪು ಶೂ, ಹೊರಡುವಾಗ ಅವನಿಗೆ ಸಲೀಸಾಗಲೆಂದು ಅದರ ಮೂತಿಯನ್ನು ಬೀದಿಯ ಕಡೆಗೆ ತಿರುಗಿಸಿಡುವ ಒಬ್ಬ ಹೆಂಗಸಿನ ಕೈ. ಅದು ತನ್ನ ಕೆಲಸ.

ಸಂಜೆ ಕಿಯೊಹಾರು ತಣ್ಣನೆಯ ಶ್ಯಾವಿಗೆ ಉಂಡು, ಚಾಪೆಯ ಮೇಲೆ ಕಾಲು ಚಾಚಿ ಬೇಸ್‌ಬಾಲ್ ನೋಡುತ್ತ ಕುಳಿತ. ಹತ್ಸುಯೊ ಹಾಳೆಗಳ ಪೊಟ್ಟಣವನ್ನು ತಂದು ಮುಂದಿಟ್ಟು, ಇದೇನೆಂದು ಕೇಳಿದಳು. ಸೆಕೆಗೆ ಕಾಲು ಬೇಯುತ್ತದೆ ಎಂದ. ಇಷ್ಟು ವರ್ಷ ಬೇಯದ ಕಾಲು ಈಗ ಬೇಯಿತೇ ಎಂದಳು.

“ಒಂದೊಂದೇ ಹಚ್ಚಿ ನೋಡ್ತಿದೀನಿ ಕಣೆ, ಯಾವುದು ಒಳ್ಳೇದು ಅಂತ.”

“ಗೊತ್ತಾಯ್ತಾ?”

“ಇನ್ನೂ ಇಲ್ಲ.”

ಮುಖ ಕೊಟ್ಟು ಹೇಳಲಿಲ್ಲ. ಅವಳ ಅನುಮಾನ ಇಮ್ಮಡಿಯಾಯಿತು. ಹಾಗಾದರೆ ತಾನೇ ಅಂಟಿಸುತ್ತೇನೆ ಎಂದು ಕನ್ನಡಕ ಹಾಕಿಕೊಂಡು ಬಂದಳು. ಬೇಡವೇ ಬೇಡ ಎಂದು ಕಾಲು ಎಳೆದುಕೊಂಡ ಕಿಯೊಹಾರು, ಅವಳು ಜಗ್ಗದಿದ್ದಾಗ ಕಣ್ಣು ಟಿವಿಯಲ್ಲೇ ಇಟ್ಟು ಮತ್ತೆ ಚಾಚಿದ.

ಇನ್ನೊಬ್ಬಳಿಗಾಗಿ ತಿದ್ದಿ ತೀಡಿದ ಕಾಲನ್ನು ನೋಡಲು ಅವಳು ಬಗ್ಗಿದಳು. ಹಿಮ್ಮಡಿ ಮೊದಲಿನಂತೆಯೇ ಒಡೆದಿತ್ತು. ಹೆಬ್ಬೆರಳಿನ ಕೆಳಗೆ ಬೊಬ್ಬೆಯೊಂದು ಒಡೆದು ಮಾಂಸ ಕೆಂಪಗೆ ಕಾಣುತ್ತಿತ್ತು, ಕಾಲುಚೀಲದ ದಾರ ಅದಕ್ಕೇ ಅಂಟಿಕೊಂಡಿತ್ತು. ಅದನ್ನು ನೋಡಿದರೇ ಅವಳ ಮೈ ಜುಮ್ಮೆಂದಿತು. ಬೆರಳಿನಿಂದ ಮೆಲ್ಲಗೆ ಒತ್ತಿದಳು. ನಂತರ ಜೋರಾಗಿ ಒತ್ತಿದಳು. ಕಿಯೊಹಾರು ಚೆಂಡು ಬಿಟ್ಟ ಆಟಗಾರನನ್ನು ಬೈಯುತ್ತಿದ್ದ.

ಹತ್ಸುಯೊ ಹಾಳೆಯ ಮೇಲಿನ ತೆಳು ಪ್ಲಾಸ್ಟಿಕ್ ಕಿತ್ತಳು. ಹಾಳೆಯನ್ನು ಕಾಲಿಗೆ ಅಂಟಿಸದೆ ತನ್ನ ಅಂಗೈಯಲ್ಲೇ ಇಟ್ಟುಕೊಂಡಳು.

“ಅಂಟಿಸ್ದೆ. ಹೇಗಿದೆ?”

“ಆಹಾ, ಐಸ್ ಇಟ್ಟ ಹಾಗಿದೆ ಕಣೆ. ಇದೇ ಒಳ್ಳೇದು.”

ಅವಳ ಅಂಗೈ ಥಂಡಿಗೆ ಉರಿಯುತ್ತಿತ್ತು. ಮರಗಟ್ಟಿದ ಕಾಲಿಗೆ ಯಾವುದಾದರೂ ಒಂದು ಚುರುಕ್ ಎಂದೀತೇ ಎಂದು ಇವನು ಒಂದರ ಹಿಂದೊಂದು ಕೊಂಡು ತಂದದ್ದು ಅವಳಿಗೆ ಈಗ ಅರ್ಥವಾಯಿತು. ಈ ಕಾಲಿನಲ್ಲೇ ಅವನು ಬೆಳಿಗ್ಗೆಯಿಂದ ಸಂಜೆಯವರೆಗೆ ಊರಿನ ಜನರನ್ನು ಕೂರಿಸಿಕೊಂಡು ಬ್ರೇಕ್ ಒತ್ತುತ್ತಿದ್ದ. ಅವಳಿಗೆ ಭಯವಾಯಿತು.

“ರೀ, ನಿಜ ಹೇಳಿ. ಬೇರೆ ಹೆಂಗಸಿನ ಸಹವಾಸ ಏನಾದ್ರೂ ಇದ್ಯಾ ನಿಮಗೆ?”

ಹೌದು ಎಂದುಬಿಡಲಿ ಎಂದು ಅವಳು ಕಾದಳು.